ಫೋನಿಗೆ ಸಿಕ್ಕಿಸುವ ಧೂಳಿನ ಮೀಟರು: ಕೊಪ್ಪಳದ ಮಾಳಿಗೆಯ ಮೇಲೆ

ನಮ್ಮ ಮನೆ ಕೊಪ್ಪಳದಲ್ಲಿ, ಉಕ್ಕು, ಕಬ್ಬಿಣದ ಕಾರ್ಖಾನೆಗಳಿರುವ ಗಿಣಿಗೇರಾ ಕಡೆ ಹೋಗುವ ದಿಕ್ಕಿನ ಓಣಿಯಲ್ಲಿ. ಬೆಳಿಗ್ಗೆ ಬರಿಗಾಲಲ್ಲಿ ಮಾಳಿಗೆ ಹತ್ತಿ ಇಳಿದರೆ ಹಿಮ್ಮಡಿ ಕರಿ ಆಗಿರುತ್ತದೆ. ಅವ್ವ ಮಾಳಿಗೆ ಮೇಲೆ ಸಂಡಿಗೆ ಒಣಹಾಕುವುದನ್ನು ಬಿಟ್ಟು ಮೂರು ವರ್ಷ ಆಯ್ತು. ಹಳೆ ಸ್ಪೀಕರಿನ ಆಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪ್ಯಾರಾಪೆಟ್ ಗೋಡೆಯ ಮೇಲೆ ಒಂದು ಸಲ ಎಳೆದರೆ ಸಾಕು, ಅದರ ಅಂಚಿಗೆ ಕರಿ ಪುಡಿ ಮೀಸೆ ಬಂದ ಹಾಗೆ ನೆಟ್ಟಗೆ ನಿಲ್ಲುತ್ತದೆ. ಚೀಲ ಕಳಚಿದರೆ ಪುಡಿ ಉದುರುತ್ತದೆ. ಎಷ್ಟು ಬೀಳುತ್ತಿದೆ, ಯಾವ ಹೊತ್ತಿನಲ್ಲಿ ಬೀಳುತ್ತಿದೆ, ಅದನ್ನು ಅಳೆಯಬೇಕು ಅನಿಸಿತು.

ನನ್ನದು ಮೊಬೈಲ್ ರಿಪೇರಿ ಅಂಗಡಿ. ಬೆಸುಗೆ ಹಾಕುವ ಕೈ ಇದೆ, ಹಳೆ ಫೋನುಗಳ ರಾಶಿ ಇದೆ. ಗವಿಮಠದ ಜಾತ್ರೆ ಮುಗಿದು ಅಂಗಡಿಯಲ್ಲಿ ಗಿರಾಕಿ ಕಡಿಮೆಯಾದ ಮೇಲೆ ಕೆಲಸ ಶುರು ಮಾಡಿದೆ.

ಜನವರಿ 25: ಸಾಮಾನು

ತರಿಸಿದ್ದು ಎಸ್‌ಡಿಎಸ್ 011 ಅನ್ನುವ ಸೆನ್ಸರ್. 71 ಮಿ.ಮೀ. ಉದ್ದ, 70 ಮಿ.ಮೀ. ಅಗಲ, 23 ಮಿ.ಮೀ. ದಪ್ಪ. ಒಳಗೆ ಸಣ್ಣ ಫ್ಯಾನು ಗಾಳಿ ಎಳೆಯುತ್ತದೆ, ಲೇಸರ್ ಬೆಳಕು ಧೂಳಿಗೆ ಬಡಿದು ಚದುರುತ್ತದೆ, ಆ ಚದುರಿದ ಬೆಳಕನ್ನು ನೋಡಿ ಲೆಕ್ಕ ಹಾಕುತ್ತದೆ. ಪಿಎಂ 2.5 (2.5 ಮೈಕ್ರಾನ್ ತನಕದ ಸಣ್ಣ ಧೂಳು) ಮತ್ತು ಪಿಎಂ 10 (10 ಮೈಕ್ರಾನ್ ತನಕದ್ದು) ಎರಡೂ ಅಂಕಿ ಕೊಡುತ್ತದೆ. ಮೈಕ್ರಾನ್ ಅಂದರೆ ಒಂದು ಮಿ.ಮೀ.ಯ ಸಾವಿರದಲ್ಲಿ ಒಂದು ಪಾಲು. ಇದಕ್ಕಿಂತ ಸಣ್ಣದು ಪಿಎಂಎಸ್ 5003 ಸಿಗುತ್ತಿತ್ತು. ಆದರೆ ಅದರ ಕನೆಕ್ಟರಿನ ಕಾಲುಗಳ (ಪಿನ್ನುಗಳ) ಅಂತರ 1.25 ಮಿ.ಮೀ. ದಿನವಿಡೀ ಫೋನಿನ ಬೋರ್ಡ್ ನೋಡುವ ಕಣ್ಣಿಗೆ ರಾತ್ರಿಯೂ ಅದೇ ಶಿಕ್ಷೆ ಬೇಡ ಅಂತ ದೊಡ್ಡದನ್ನೇ ತೆಗೆದುಕೊಂಡೆ.

ಖರ್ಚು ಹೀಗೆ: ಸೆನ್ಸರ್, ಅದರ ಜೊತೆಗೇ ಬರುವ ಯುಎಸ್‌ಬಿ ತುಂಡು ಸೇರಿ 2,250 ರೂಪಾಯಿ. ಕೊರಿಯರ್ 80. ಒಟಿಜಿ ಕೇಬಲ್ (ಫೋನಿಗೆ ಬೇರೆ ಸಾಧನ ಜೋಡಿಸುವ ಕೇಬಲ್) 60, ಅದು ದಂಡವಾದ ಮೇಲೆ ಇನ್ನೊಂದು 90. ಆರ್ಡುಯಿನೋ ನ್ಯಾನೋ (ಪ್ರೋಗ್ರಾಮು ಹಾಕಬಲ್ಲ ಸಣ್ಣ ಬೋರ್ಡು) ಅದರ ನಕಲು 290. ವೈರಿಂಗ್‌ಗೆ ಬಳಸುವ ಪಿವಿಸಿ ಜಂಕ್ಷನ್ ಬಾಕ್ಸ್ 45. ಮೀನಿನ ತೊಟ್ಟಿಗೆ ಹಾಕುವ 6 ಮಿ.ಮೀ. ಪೈಪು ಒಂದು ಮೀಟರ್ 20. ಒಟ್ಟು 2,835. ವೈರು, ಹೀಟ್ ಶ್ರಿಂಕು, ಅಂಟು ಅಂಗಡಿಯದ್ದೇ, ಲೆಕ್ಕಕ್ಕೆ ಹಿಡಿದಿಲ್ಲ.

ಜನವರಿ 27: ಫೋನು ಕಣ್ಣೇ ಬಿಡಲಿಲ್ಲ

ಮೂಲೆಯಲ್ಲಿ ಬಿದ್ದಿದ್ದ ಮೈಕ್ರೋ ಯುಎಸ್‌ಬಿಯ ಹಳೆ ಫೋನ್ ಒಂದನ್ನು ಇದಕ್ಕೇ ಅಂತ ಎತ್ತಿಟ್ಟೆ. ಡಿಸ್‌ಪ್ಲೇ ಮೂಲೆ ಒಡೆದಿದೆ, ಬ್ಯಾಟರಿ ಪರವಾಗಿಲ್ಲ. ಕೇಬಲ್ ಸಿಕ್ಕಿಸಿದೆ. ಏನೂ ಇಲ್ಲ. ಸೆನ್ಸರಿನ ಫ್ಯಾನು ತಿರುಗಲಿಲ್ಲ, ದೀಪ ಹತ್ತಲಿಲ್ಲ.

ಸೆಟ್ಟಿಂಗ್ಸಿನಲ್ಲಿ ಒಟಿಜಿ ಆನ್ ಮಾಡಿದೆ. ಕೆಲವು ಫೋನುಗಳಲ್ಲಿ ಅದನ್ನು ಕೈಯಿಂದಲೇ ಆನ್ ಮಾಡಬೇಕು, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಆದರೂ ಇಲ್ಲ. ಫೋನಿನ ಚಾರ್ಜಿಂಗ್ ಜಾಕ್ ಹೋಗಿದೆ ಅಂದುಕೊಂಡು ಬಿಚ್ಚಿ, ಹೊಸ ಜಾಕ್ ಹಾಕಿದೆ. ಮುಕ್ಕಾಲು ಗಂಟೆ. ಇಲ್ಲ.

ಅಂಗಡಿಯ ಹುಡುಗ ಪಕ್ಕದಲ್ಲಿ ನಿಂತು ಚಹಾ ಕುಡಿಯುತ್ತಿದ್ದ. ಮಲ್ಟಿಮೀಟರ್ ಎತ್ತಿ ಕೇಬಲ್ಲಿನ ತುದಿಗೆ ಹಿಡಿದ. "ಅಣ್ಣಾ, ಇದರಾಗ ಐಡಿನೇ ಕೊಟ್ಟಿಲ್ರಿ. ಬೀಪ್ ಬರವಲ್ದು ನೋಡ್ರಿ."

ಮೈಕ್ರೋ ಯುಎಸ್‌ಬಿಯಲ್ಲಿ ಐದು ಕಾಲು. 4ನೆಯದು ಐಡಿ, 5ನೆಯದು ಗ್ರೌಂಡ್. ಒಟಿಜಿ ಕೇಬಲ್ಲಿನಲ್ಲಿ ಇವೆರಡೂ ಒಳಗೆ ಕೂಡಿರಬೇಕು. ಆಗಲೇ ಫೋನು ತಾನು 5 ವೋಲ್ಟ್ ಕೊಡಬೇಕು ಎಂದು ತಿಳಿಯುವುದು. ನನ್ನ 60 ರೂಪಾಯಿ ಕೇಬಲ್ಲು ನೋಡಲು ಒಟಿಜಿ, ಒಳಗೆ ಬರೀ ಚಾರ್ಜಿಂಗ್. ಪಿನ್ನಿನ ಹೊದಿಕೆ ಸೀಳಿ ಬೆಸುಗೆ ಹಾಕಲು ಹೋದೆ, ಪ್ಲಾಸ್ಟಿಕ್ಕು ಕರಗಿ 4 ಮತ್ತು 3 ಅಂಟಿಕೊಂಡವು. ಬಿಸಾಡಿ 90 ರೂಪಾಯಿಯದು ತಂದೆ. ಮೊದಲೇ ಮೀಟರ್ ಹಿಡಿದಿದ್ದರೆ ಜಾಕ್ ಬಿಚ್ಚುವ ಕೆಲಸವೇ ಇರಲಿಲ್ಲ. ದಿನಾ ಗಿರಾಕಿಗಳಿಗೆ "ಮೊದಲು ಕೇಬಲ್ ಬದಲಿಸಿ ನೋಡ್ರಿ" ಅನ್ನುವವನು ನಾನೇ.

ಟೈಪ್ ಸಿ ಫೋನಿನವರಿಗೆ: ಅಲ್ಲಿ ಐಡಿ ಕಾಲು ಇಲ್ಲ. ಅಡಾಪ್ಟರಿನೊಳಗೆ ಸಿಸಿ ಕಾಲಿನಿಂದ ಗ್ರೌಂಡಿಗೆ 5.1 ಕಿಲೋ ಓಮ್ ರೆಸಿಸ್ಟರ್ ಇರಬೇಕು. ಅಗ್ಗದ ಕೆಲವು ಅಡಾಪ್ಟರಿನಲ್ಲಿ ಅದೇ ಇರುವುದಿಲ್ಲ.

ಜನವರಿ 28: 3430

ಹೊಸ ಕೇಬಲ್ ಹಾಕಿದ ತಕ್ಷಣ ಫ್ಯಾನು ಸುಯ್ ಎಂದಿತು. ಯುಎಸ್‌ಬಿ ತುಂಡಿನೊಳಗಿನ ಸಿಎಚ್ 340 ಚಿಪ್ಪನ್ನು ಫೋನು ಗುರುತಿಸಿತು. ಸೀರಿಯಲ್ ಯುಎಸ್‌ಬಿ ಟರ್ಮಿನಲ್ ಅನ್ನುವ ಆ್ಯಪಿನಲ್ಲಿ ವೇಗ 9600ಕ್ಕೆ ಇಟ್ಟೆ. ಪರದೆ ತುಂಬ ಕಸ ಬಂತು. ಸೆನ್ಸರ್ ಅಕ್ಷರ ಕಳಿಸುವುದಿಲ್ಲ, ಬರೀ ಬೈಟುಗಳನ್ನು ಕಳಿಸುತ್ತದೆ. ಹೆಕ್ಸ್ (ಹದಿನಾರರ ಲೆಕ್ಕದ ಅಂಕಿ) ತೋರಿಸು ಎಂದು ಬದಲಿಸಿದಾಗ ಸೆಕೆಂಡಿಗೊಂದು ಸಾಲು ಬರತೊಡಗಿತು:

ಎಎ ಸಿ0 86 01 52 03 31 27 34 ಎಬಿ

ಎಎ ಎಂದು ಶುರು, ಎಬಿ ಎಂದು ಮುಕ್ತಾಯ. ಮೂರನೆಯದು ಮತ್ತು ನಾಲ್ಕನೆಯದು ಪಿಎಂ 2.5. ಐದು, ಆರು ಪಿಎಂ 10. ಕಾಗದದ ಮೇಲೆ ಲೆಕ್ಕ ಮಾಡಿದೆ. ಬಂದ ಉತ್ತರ 3430. ಅಂದರೆ ಒಂದು ಘನ ಮೀಟರ್ ಗಾಳಿಯಲ್ಲಿ 3430 ಮೈಕ್ರೋಗ್ರಾಂ. ಬಾಗಿಲು ಹಾಕಿದೆ. ಮೂಗಿಗೆ ಟವೆಲ್ ಕಟ್ಟಿಕೊಂಡೆ. ನಿಜವಾಗಿಯೂ ಕಟ್ಟಿಕೊಂಡೆ.

ತಪ್ಪು ಏನೆಂದರೆ ಈ ಸೆನ್ಸರ್ ಸಣ್ಣ ಬೈಟನ್ನು ಮೊದಲು ಕಳಿಸುತ್ತದೆ, ದೊಡ್ಡದನ್ನು ಆಮೇಲೆ. ನಾನು ಎಡದಿಂದ ಬಲಕ್ಕೆ ಓದಿದ್ದೆ. ಸರಿಯಾದ ಲೆಕ್ಕ: ಹೆಕ್ಸ್ 86 ಅಂದರೆ 134. ಅದಕ್ಕೆ 1 × 256 ಕೂಡಿಸಿದರೆ 390. ಹತ್ತರಿಂದ ಭಾಗಿಸಿದರೆ 39.0. ಪಿಎಂ 10 ಅದೇ ಥರ: ಹೆಕ್ಸ್ 52 ಅಂದರೆ 82, 82 + 3 × 256 = 850, ಅಂದರೆ 85.0. ಈ ಸೆನ್ಸರ್ ತೋರಿಸಬಲ್ಲ ದೊಡ್ಡ ಅಂಕಿಯೇ 999.9 ಎಂದು ಅದರ ಕಾಗದದಲ್ಲೇ ಬರೆದಿತ್ತು. 3430 ಬಂದಾಗಲೇ ತಲೆಗೆ ಹೊಳೆಯಬೇಕಿತ್ತು.

ಫೆಬ್ರವರಿ 1: ನ್ಯಾನೋ ಸೇರಿಸಿದ್ದು, ವೋಲ್ಟೇಜಿನ ತಂಟೆ

ಪ್ರತಿ ಸಾಲಿಗೂ ಕಾಗದ ಹಿಡಿದು ಕೂರಲು ಆಗುವುದಿಲ್ಲ. ಸೆನ್ಸರ್ ಮತ್ತು ಫೋನಿನ ನಡುವೆ ನ್ಯಾನೋ ಬೋರ್ಡು ಹಾಕಿದೆ. ಅದು ಬೈಟು ಓದಿ, 60 ಸೆಕೆಂಡಿನ ಸರಾಸರಿ ತೆಗೆದು, ಸಾದಾ ಅಂಕಿಯಲ್ಲಿ ಫೋನಿಗೆ ಕಳಿಸಬೇಕು. ಪ್ರೋಗ್ರಾಮು ಮೂವತ್ತು ಸಾಲು. ವೈರು ಮೂರೇ: 5 ವೋಲ್ಟ್, ಗ್ರೌಂಡ್, ಸೆನ್ಸರಿನ ಮಾಹಿತಿ ಕಳಿಸುವ ಕಾಲಾದ ಟಿಎಕ್ಸ್‌ನಿಂದ ನ್ಯಾನೋದ ಡಿ2ಗೆ. ಮೊದಲ ಸಲ ಟಿಎಕ್ಸ್ ಅನ್ನು ಟಿಎಕ್ಸ್‌ಗೇ ಕೊಟ್ಟಿದ್ದೆ. ಅದು ಎಲ್ಲರೂ ಮಾಡುವ ತಪ್ಪು, ಬಿಡಿ.

ನಿಜವಾಗಿ ಎರಡು ದಿನ ತಿಂದದ್ದು ಬೇರೆ. ಅಂಕಿ ಕುಣಿಯುತ್ತಿತ್ತು. ಒಂದೇ ಕೋಣೆ, ಒಂದೇ ಗಾಳಿ. ಒಂದು ನಿಮಿಷ 31, ಮರುನಿಮಿಷ 52. ಫ್ಯಾನಿನ ಸದ್ದು ಏರಿಳಿಯುತ್ತಿತ್ತು, ಬ್ಯಾಟರಿ ಇಳಿದ ಟೇಪ್ ರೆಕಾರ್ಡರಿನ ಹಾಗೆ. ಸೆನ್ಸರ್ ಕೆಟ್ಟಿದೆ ಅಂತ ವಾಪಸ್ ಕಳಿಸುವವನಿದ್ದೆ. ಕೊನೆಗೆ ಸೆನ್ಸರಿನ ಕಾಲಿನ ಮೇಲೇ ಮೀಟರ್ ಇಟ್ಟೆ. 4.38 ವೋಲ್ಟ್. ಅದಕ್ಕೆ 4.7ರಿಂದ 5.3ರ ನಡುವೆ ಬೇಕು.

ವೋಲ್ಟೇಜು ಎರಡು ಕಡೆ ಸೋರುತ್ತಿತ್ತು. ಒಂದು, ನ್ಯಾನೋ ಬೋರ್ಡಿನಲ್ಲಿ ಯುಎಸ್‌ಬಿಯಿಂದ 5 ವೋಲ್ಟ್ ಕಾಲಿಗೆ ಬರುವ ದಾರಿಯಲ್ಲಿ ಒಂದು ಡಯೋಡ್ ಕೂತಿದೆ. ಅಲ್ಲೇ ಸುಮಾರು 0.3 ವೋಲ್ಟ್ ಹೋಗುತ್ತದೆ. ಎರಡು, ನಾನು ಹಾಕಿದ್ದ ಒಂದು ಮೀಟರಿನ ಯುಎಸ್‌ಬಿ ವೈರು ಕೂದಲಿನಷ್ಟು ತೆಳು. ಸೆನ್ಸರಿನ ಕರೆಂಟನ್ನು ಡಯೋಡಿಗಿಂತ ಮುಂಚೆಯೇ, ನೇರ ಯುಎಸ್‌ಬಿ ಜಾಕಿನಿಂದ ತೆಗೆದೆ. ವೈರನ್ನು 15 ಸೆಂ.ಮೀ.ಗೆ ಕತ್ತರಿಸಿದೆ. 4.86 ಬಂತು. ಫ್ಯಾನಿನ ಸದ್ದು ಒಂದೇ ಸಮ ಆಯಿತು, ಅಂಕಿಯ ಕುಣಿತವೂ ನಿಂತಿತು. ಯುಎಸ್‌ಬಿ ಮೀಟರ್ ಹಾಕಿ ನೋಡಿದೆ: ಎಲ್ಲ ಸೇರಿ 0.09 ಆಂಪಿಯರ್. ಫೋನಿಗೆ ಅದೇನು ಭಾರ ಅಲ್ಲ, ಪರದೆಯೇ ಜಾಸ್ತಿ ತಿನ್ನುತ್ತದೆ.

ಆನ್ ಮಾಡಿದ ಮೊದಲ 30 ಸೆಕೆಂಡಿನ ಅಂಕಿಯನ್ನು ಪ್ರೋಗ್ರಾಮಿನಲ್ಲೇ ಎಸೆದುಬಿಡುತ್ತೇನೆ. ಲೇಸರಿನ ಆಯಸ್ಸು ಸುಮಾರು 8000 ಗಂಟೆ ಎನ್ನುತ್ತಾರೆ. ಹಗಲು ರಾತ್ರಿ ಬಿಟ್ಟರೆ 333 ದಿನ. ಹಾಗಾಗಿ ಬೇಕಾದಾಗ ಮಾತ್ರ ಹಚ್ಚುವುದು.

ಫೆಬ್ರವರಿ 4: ಡಬ್ಬಿ

ಜಂಕ್ಷನ್ ಬಾಕ್ಸಿನಲ್ಲಿ ಸೆನ್ಸರ್ ಕೂರಿಸಿ, ಮುಚ್ಚಳಕ್ಕೆ ಹತ್ತಾರು ತೂತು ಕೊರೆದು, ಅಂಟು ಹಾಕಿ ಮುಗಿಸಿದೆ. ಚಂದ ಕಂಡಿತು. ಅಡುಗೆಮನೆಯಲ್ಲಿ ಅಳೆದು ಅಂಗಳಕ್ಕೆ ತಂದರೆ ಹತ್ತು ನಿಮಿಷವಾದರೂ ಅಡುಗೆಮನೆಯ ಅಂಕಿಯನ್ನೇ ತೋರಿಸುತ್ತಿತ್ತು. ಸೆನ್ಸರ್ ಬಿಟ್ಟ ಗಾಳಿ ಡಬ್ಬಿಯೊಳಗೇ ಉಳಿದು, ಅದನ್ನೇ ಮತ್ತೆ ಎಳೆದುಕೊಳ್ಳುತ್ತಿತ್ತು. ತೂತು ಎಷ್ಟಿದ್ದರೇನು, ಫ್ಯಾನು ಹತ್ತಿರದ ಗಾಳಿಯನ್ನೇ ಎಳೆಯುತ್ತದೆ.

ಬಿಚ್ಚಿದೆ. ಸೆನ್ಸರಿನ ಮೂತಿಗೆ ಮೀನಿನ ತೊಟ್ಟಿಯ ಪೈಪು ಸಿಕ್ಕಿಸಿ ಡಬ್ಬಿಯ ಹೊರಗೆ 4 ಸೆಂ.ಮೀ. ಬಿಟ್ಟೆ. ಗಾಳಿ ಹೊರಹೋಗುವ ಕಡೆ, ಎದುರು ಮೂಲೆಯಲ್ಲಿ ದೊಡ್ಡ ತೂತು. ನಡುವೆ ಹಳೆ ಎಟಿಎಂ ಕಾರ್ಡನ್ನು ಕತ್ತರಿಸಿ ಗೋಡೆ ಕಟ್ಟಿದೆ. ಈ ಸಲ ಗ್ಲೂ ಗನ್ನಿನ ಒಂದು ಎಳೆ ಫ್ಯಾನಿನ ರೆಕ್ಕೆಗೆ ಬಿದ್ದು ಕಟಕಟ ಅನ್ನತೊಡಗಿತು. ಸೂಜಿಯಿಂದ ಎತ್ತಿ ತೆಗೆಯಲು ಒಂದು ಸಂಜೆ. ಅಂಟು ಹಾಕುವಾಗ ಫ್ಯಾನಿಗೆ ಟೇಪು ಹಚ್ಚಿ, ಅಷ್ಟೇ.

ಫೆಬ್ರವರಿ 6: ಸೊನ್ನೆ ನೋಡುವುದು ಮತ್ತು ಸರ್ಕಾರಿ ಅಂಕಿ

ಸೆನ್ಸರ್ ಸುಳ್ಳು ಹೇಳುತ್ತಿಲ್ಲ ಎಂದು ಹೇಗೆ ನಂಬುವುದು? ಎನ್ 95 ಮಾಸ್ಕನ್ನು ಎರಡು ಮಡಿಕೆ ಮಾಡಿ ಪೈಪಿನ ಬಾಯಿಗೆ ರಬ್ಬರ್ ಬ್ಯಾಂಡಿನಿಂದ ಬಿಗಿದೆ. ಸೋಸಿದ ಗಾಳಿ ಒಳಹೋದರೆ ಅಂಕಿ ಸೊನ್ನೆಯ ಹತ್ತಿರ ಬರಬೇಕು. 1.1 ಬಂತು. ಪಾಸು.

ಎರಡನೆಯದಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್ ತೆಗೆದೆ. ಕೊಪ್ಪಳದಲ್ಲಿ ದಿವಟರ ನಗರದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ ಕೇಂದ್ರ ಇದೆ. ನನ್ನ ಅಂಕಿ ಯಾವಾಗಲೂ ಕಡಿಮೆ. ಪ್ರೋಗ್ರಾಮಿನಲ್ಲಿ 1.6ರಿಂದ ಗುಣಿಸಿ ಸರಿಮಾಡಿದೆ, ಖುಷಿಯಾದೆ. ಮಾರನೇ ದಿನ ಗೊತ್ತಾಯಿತು, ನಾನು ಮಾವಿನಕಾಯಿಯನ್ನು ಕಿಲೋದಲ್ಲಿ ತೂಗಿ ಡಜನ್ನಿನ ಜೊತೆ ಹೋಲಿಸುತ್ತಿದ್ದೆ. ಆ್ಯಪು ತೋರಿಸುವುದು ಗಾಳಿಯ ಗುಣಮಟ್ಟದ ಸೂಚ್ಯಂಕ, ಮೈಕ್ರೋಗ್ರಾಂ ಅಲ್ಲ. ಪಿಎಂ 2.5 ದಿನದ ಸರಾಸರಿ 45 ಮೈಕ್ರೋಗ್ರಾಂ ಇದ್ದರೆ ಸೂಚ್ಯಂಕ 75 ಆಗುತ್ತದೆ, 60 ಇದ್ದರೆ 100. ಅದರ ಮೇಲೆ ಅದು 24 ಗಂಟೆಯ ಸರಾಸರಿ, ನನ್ನದು ಒಂದು ನಿಮಿಷದ್ದು. 1.6 ಅಳಿಸಿದೆ. ಕೇಂದ್ರ ಮಂಡಳಿಯ ವೆಬ್‌ಸೈಟಿನಲ್ಲಿ ಮೈಕ್ರೋಗ್ರಾಂ ಲೆಕ್ಕದಲ್ಲೇ ಗಂಟೆಗಂಟೆಯ ಅಂಕಿ ಸಿಗುತ್ತದೆ, ಹೋಲಿಸುವುದಾದರೆ ಅದನ್ನು ಹೋಲಿಸಬೇಕು. ಮೂರು ದಿನ ನೋಡಿದೆ. ಏರುವಾಗ ಎರಡೂ ಏರುತ್ತವೆ, ಇಳಿಯುವಾಗ ಎರಡೂ ಇಳಿಯುತ್ತವೆ. ನಸುಕಿನಲ್ಲಿ ಮಾತ್ರ ನನ್ನದು ಜಾಸ್ತಿ ತೋರಿಸುತ್ತದೆ. ಗಾಳಿಯಲ್ಲಿ ತೇವ ಶೇಕಡಾ 70ರ ಮೇಲಿದ್ದರೆ ಈ ಸೆನ್ಸರನ್ನು ನಂಬುವಂತಿಲ್ಲ. ಬಚ್ಚಲುಮನೆಯ ಬಾಗಿಲಲ್ಲಿ ಹಿಡಿದು ನೋಡಿ, ಬಿಸಿನೀರಿನ ಹಬೆಗೂ 400 ಎನ್ನುತ್ತದೆ.

ಫೆಬ್ರವರಿ 9: ಮನೆಯೊಳಗೆ

ಮಾಳಿಗೆಗೆ ಒಯ್ಯುವ ಮೊದಲು ಸುಮ್ನೆ ಮನೆ ತುಂಬ ಓಡಾಡಿಸಿದೆ. ನಮ್ಮ ದೇಶದ ಮಿತಿ, 2009ರದು, ಪಿಎಂ 2.5ಗೆ ದಿನದ ಸರಾಸರಿ 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಅದನ್ನು ತಲೆಯಲ್ಲಿಟ್ಟುಕೊಂಡು ಓದಿ.

ಮಾಳಿಗೆ, ಬೆಳಿಗ್ಗೆ 6ಕ್ಕೆ 58. ಮಧ್ಯಾಹ್ನ 2ಕ್ಕೆ 24. ದೇವರ ಮನೆಯಲ್ಲಿ ಎರಡು ಊದಿನಕಡ್ಡಿ ಹಚ್ಚಿದಾಗ 210. ಅವ್ವ ಸಾರಿಗೆ ಒಗ್ಗರಣೆ ಹಾಕಿದಾಗ, ಒಣಮೆಣಸಿನಕಾಯಿ ಬಿದ್ದ ಮರುಕ್ಷಣ 385. ರೊಟ್ಟಿ ಬೇಯುವಾಗ ಹೆಂಚಿನ ಮೇಲೆ ಉದುರಿದ ಹಿಟ್ಟು ಸುಟ್ಟು ಹೊಗೆಯಾಡಿದಾಗ 160. ರಾತ್ರಿ ಕಿಟಕಿ ಮುಚ್ಚಿ ಸೊಳ್ಳೆ ಬತ್ತಿ ಹಚ್ಚಿದ ಅವ್ವನ ಕೋಣೆಯಲ್ಲಿ ಒಂದು ಗಂಟೆಯ ಮೇಲೆ 640.

ಆ ಕೊನೆಯ ಅಂಕಿ ಬಂದಾಗ ಕೈಯಲ್ಲಿದ್ದ ಫೋನನ್ನು ಇನ್ನೊಮ್ಮೆ ನೋಡಿದೆ. ಮಾಸ್ಕ್ ಕಟ್ಟಿ ಸೊನ್ನೆ ನೋಡಿ ಬಂದೆ. 1.3. ಮತ್ತೆ ಕೋಣೆಗೆ ಹೋದೆ, 655. ಅವ್ವನಿಗೆ ದಮ್ಮು ಇದೆ. ಮಾಳಿಗೆಯ ಕರಿ ಪುಡಿ ಒಳಗೆ ಬರಬಾರದು ಎಂದು ಆ ಕಿಟಕಿ ಮುಚ್ಚಿಸಿದ್ದು ನಾನೇ, ಎರಡು ವರ್ಷದಿಂದ.

ಕಿಟಕಿಗೆ ಸೊಳ್ಳೆ ಜಾಲರಿ ಹೊಡೆಸಿದೆ, 420 ರೂಪಾಯಿ. ಬತ್ತಿ ಬಂದ್. ಒಗ್ಗರಣೆಯ ವಿಷಯ ತೆಗೆದಾಗ ಮಾತ್ರ ಅವ್ವ ಸಿಟ್ಟಾದಳು. "ಹಂಗಾರ ಒಗ್ಗರಣಿ ಇಲ್ಲದ ಸಾರು ಉಣ್ಣು ನೀನು. ಡಬ್ಬಿ ಹೇಳ್ತೈತಿ ಅಂತ ನಾ ಅಡಗಿ ಬಿಡ್ಲೇನು?" ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸುವುದು ಎಂದು ರಾಜಿಯಾಗಿದೆ. ಇನ್ನೂ ಹಾಕಿಸಿಲ್ಲ.

ಫೆಬ್ರವರಿ 13: ಮಾಡಬಾರದ ಕೆಲಸ

ಈಗ ಮೂಲ ಪ್ರಶ್ನೆ, ಕರಿ ಪುಡಿ. ಮಾಳಿಗೆ ಮೇಲೆ ಮೂರು ರಾತ್ರಿ ಇಟ್ಟೆ. ಮೊದಲ ರಾತ್ರಿ ಫೋನಿನ ಬ್ಯಾಟರಿ ಉಳಿಸುವ ಸೆಟ್ಟಿಂಗು 40 ನಿಮಿಷಕ್ಕೆ ಆ್ಯಪನ್ನು ನಿಲ್ಲಿಸಿತ್ತು, ಅದನ್ನು ಆಫ್ ಮಾಡಿದೆ. ಉಳಿದ ಎರಡು ರಾತ್ರಿ ಅಂಕಿ ಪೂರ್ತಿ ಸಿಕ್ಕವು. ಬೆಳಿಗ್ಗೆ ಗೋಡೆ ಮೇಲೆ ಪುಡಿ ಎಂದಿನಂತೆಯೇ ಕೂತಿತ್ತು. ಅಂಕಿಯಲ್ಲಿ ಮಾತ್ರ ಎಲ್ಲೂ ಏರಿಲ್ಲ. ಪಿಎಂ 10 ಕೂಡ ನೂರು ದಾಟಿಲ್ಲ.

ತಲೆ ಕೆಟ್ಟು, ಗೋಡೆಯ ಪುಡಿ ಒಂದು ಚಿಟಿಕೆ ತೆಗೆದು ಪೈಪಿನ ಬಾಯಿಯ ಮುಂದೆ ಊದಿದೆ. ಪಿಎಂ 2.5 ಆರೇ ಆರು ಅಂಕಿ ಏರಿತು. ಪಿಎಂ 10 ಇಪ್ಪತ್ತು. ಮತ್ತೆ ಊದಿದೆ, ಇನ್ನೂ ಹತ್ತಿರದಿಂದ. ಅಷ್ಟೇ.

ಪುಡಿಯ ಕಣ ದಪ್ಪ. ಬೆರಳಲ್ಲಿ ಉಜ್ಜಿದರೆ ಸಣ್ಣ ರವೆ ಹಾಗೆ ಕರಕರ ಎನ್ನುತ್ತದೆ. ಅದು ಪೈಪಿನೊಳಗೆ ತೇಲಿ ಹೋಗುವ ಜಾತಿಯಲ್ಲ, ಕೆಳಗೆ ಬೀಳುವ ಜಾತಿ. ಒಳಗೆ ಹೋದರೂ ಈ ಸೆನ್ಸರಿನ ಬೆಳಕಿಗೆ ದಪ್ಪ ಕಣ ಸರಿಯಾಗಿ ಸಿಗುವುದಿಲ್ಲ. ಅದು ಕೊಡುವ ಪಿಎಂ 10 ಅಂಕಿ ಬಹುಪಾಲು ಸಣ್ಣ ಕಣ ನೋಡಿ ಹಾಕಿದ ಅಂದಾಜು. ಅಂದರೆ ನಾನು ಯಾವುದಕ್ಕಾಗಿ 2,835 ರೂಪಾಯಿ ಹಾಕಿದೆನೋ ಅದನ್ನು ಇದು ಅಳೆಯುವುದೇ ಇಲ್ಲ. ಕೊಳ್ಳುವ ಮುಂಚೆ ಒಂದು ಗಂಟೆ ಓದಿದ್ದರೆ ಗೊತ್ತಾಗುತ್ತಿತ್ತು.

ಊದಿದ್ದಕ್ಕೆ ದಂಡವೂ ಬಿತ್ತು. ಮಾಸ್ಕ್ ಕಟ್ಟಿ ಸೊನ್ನೆ ನೋಡಿದರೆ 9.4. ಲೇಸರ್ ಕೋಣೆಯಲ್ಲಿ ಪುಡಿ ಕೂತಿದೆ. ಫೋನ್ ಸ್ವಚ್ಛ ಮಾಡುವ ರಬ್ಬರ್ ಬ್ಲೋವರಿನಿಂದ ಹೊರಹೋಗುವ ಕಡೆಯಿಂದ ಹಿಮ್ಮುಖವಾಗಿ ಊದಿ ಊದಿ 2.6ಕ್ಕೆ ತಂದೆ. ಮೊದಲಿನ 1.1 ಮತ್ತೆ ಬಂದಿಲ್ಲ.

ಫೆಬ್ರವರಿ 16ರಿಂದ: ಪರಾತ

ಬೀಳುವುದನ್ನು ಅಳೆಯಲು ಬೀಳುವ ಜಾಗದಲ್ಲಿ ಪಾತ್ರೆ ಇಟ್ಟರಾಯಿತು. ಅವ್ವನ ಸ್ಟೀಲ್ ಪರಾತ, ಬಾಯಿ 36 ಸೆಂ.ಮೀ. ಲೆಕ್ಕ ಹಾಕಿದರೆ ಸುಮಾರು 0.1 ಚದರ ಮೀಟರ್, ಗುಣಿಸಲು ಸಲೀಸು. ಎರಡು ಬೆರಳು ನೀರು ಹಾಕಿ, ಬಿದ್ದದ್ದು ಮತ್ತೆ ಹಾರದಂತೆ, ಮಾಳಿಗೆಯ ನೆಲದಿಂದ ಒಂದು ಮೀಟರ್ ಎತ್ತರದ ಸ್ಟೂಲಿನ ಮೇಲೆ ಇಟ್ಟೆ.

ಮೊದಲ ದಿನವೇ ಕಾಗೆ ಬಂದು ಸ್ನಾನ ಮಾಡಿ ಹೋಯಿತು. ಕೋಳಿಗೂಡಿನ ಜಾಲರಿ ಮುಚ್ಚಿದೆ. ಎರಡನೇ ದಿನ ನೀರು ಆರಿತ್ತು, ಆಮೇಲೆ ದಿನಾ ಸಂಜೆ ಸೋಸಿದ ನೀರು ಹಾಕುವುದು ರೂಢಿಯಾಯಿತು. ಏಳು ದಿನದ ಮೇಲೆ ನೀರು ಪೂರ್ತಿ ಆರಿಸಿ, ಮೆತ್ತನೆ ಬ್ರಷ್ಷಿನಿಂದ ಗುಡಿಸಿ, ಓಣಿಯ ಅಕ್ಕಸಾಲಿಗರ ಅಂಗಡಿಗೆ ಕಾಗದದಲ್ಲಿ ಕಟ್ಟಿ ಒಯ್ದೆ. ಅವರ ತಕ್ಕಡಿ 0.01 ಗ್ರಾಂ ತೋರಿಸುತ್ತದೆ. ಬಿಚ್ಚಿದಾಗ ಅವರು ಕಾಗದವನ್ನೂ ನನ್ನನ್ನೂ ನೋಡಿದರು. "ಇದೇನ್ರೀ, ಯಾವ ಬಂಗಾರ ಇದು?"

0.31 ಗ್ರಾಂ. ಅಲ್ಲೇ ಚೀಲದಲ್ಲಿ ಸುತ್ತಿದ ಆಯಸ್ಕಾಂತ ಆಡಿಸಿ ಅಂಟಿದ್ದನ್ನು ಬೇರೆ ತೂಗಿಸಿದೆ, 0.12. ಚದರ ಮೀಟರಿಗೆ ದಿನಕ್ಕೆ ಸುಮಾರು 0.44 ಗ್ರಾಂ ಆಯಿತು. ನಮ್ಮ ಮಾಳಿಗೆ 90 ಚದರ ಮೀಟರ್. ದಿನಕ್ಕೆ 40 ಗ್ರಾಂ, ಒಂದು ಮುಷ್ಟಿ. ಹಾಕುವ ನೀರಿನಲ್ಲೇ ಉಪ್ಪು ಎಷ್ಟಿತ್ತು ಎಂದು ಕಳೆದಿಲ್ಲ. ಆ ತಪ್ಪು ಇದರೊಳಗಿದೆ, ಹಾಗಾಗಿ 0.31ರಲ್ಲಿ ಸ್ವಲ್ಪ ನಲ್ಲಿಯ ಸುಣ್ಣವೂ ಇರಬಹುದು. ಆಯಸ್ಕಾಂತದ 0.12 ಮಾತ್ರ ಗಟ್ಟಿ.

ಎರಡನೇ ವಾರಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದಿದ್ದೇನೆ, 5 ಲೀಟರ್ ಕ್ಯಾನು. ಸ್ಟೂಲಿನ ಪಕ್ಕ ಕೋಲಿಗೆ ಒಂದು ರಿಬ್ಬನ್ ಕಟ್ಟಿ, ಬೆಳಿಗ್ಗೆ ಸಂಜೆ ಗಾಳಿ ಯಾವ ಕಡೆಯಿಂದ ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಐದು ದಿನದಲ್ಲಿ ನಾಲ್ಕು ದಿನ ಮೂಡಣ. ಹಿಂದಿನ ಮನೆಯ ಅಕ್ಕ ತಮ್ಮ ಮಾಳಿಗೆಯಲ್ಲೂ ಒಂದು ಇಡು ಎಂದು ಪರಾತ ಕೊಟ್ಟು ಹೋಗಿದ್ದಾರೆ. ಅದರ ಬಾಯಿ 41 ಸೆಂ.ಮೀ., ಲೆಕ್ಕ ಬೇರೆ ಮಾಡಬೇಕು. ನಮ್ಮ ಪರಾತ ವಾಪಸ್ ಕೊಡು, ಹೋಳಿಗೆ ಹಿಟ್ಟು ಕಲಸಬೇಕು ಎಂದು ಅವ್ವ ದಿನಾ ಕೇಳುತ್ತಿದ್ದಾಳೆ.